‘ಮಿ ಡಕ್’ ಅಂದರೆ ಅಣಕವಾ, ಮುದ್ದಾ, ಮರ್ಯಾದೆಯಾ?

ಓದುಗರ ಪ್ರಶ್ನೆ

ನಮಸ್ಕಾರ ಮೇಡಂ. ನಾನು ಹಾಸನ ಕಡೆಯವಳು, ನರ್ಸ್. ಈಗ ಇಂಗ್ಲೆಂಡಿನ ಡರ್ಬಿಯಲ್ಲಿ, ಒಂದು ಆಸ್ಪತ್ರೆಯ ವಯಸ್ಸಾದವರ ವಾರ್ಡಿನಲ್ಲಿ ಕೆಲಸ. ಇಲ್ಲಿನ ಪೇಷಂಟ್‌ಗಳು ನನ್ನನ್ನು ‘ಡಕ್’, ‘ಮಿ ಡಕ್’ ಅಂತ ಕರೆಯುತ್ತಾರೆ. ಡಕ್ ಅಂದರೆ ಬಾತುಕೋಳಿ ಅಲ್ವಾ? ನಾನು ಸ್ವಲ್ಪ ದಪ್ಪ. ನನ್ನ ನಡಿಗೆ ನೋಡಿ ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡು ಮೊದಮೊದಲು ಮನೆಗೆ ಬಂದು ಅತ್ತಿದ್ದೇನೆ. ಆಮೇಲೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ‘ಅದು ಬಾತುಕೋಳಿ ಅಲ್ಲ, ಡ್ಯೂಕ್. ಸ್ಯಾಕ್ಸನ್ ಕಾಲದ ಮರ್ಯಾದೆ ಮಾತು’ ಅಂತ ಹಾಕಿದರು. ಯಾವುದು ನಿಜ?

ನನ್ನ ಯಜಮಾನರಿಗೆ ಇದು ಯಾವುದೂ ಹಿಡಿಸುವುದಿಲ್ಲ. ತರಕಾರಿ ಅಂಗಡಿಯವನು ನನಗೆ ‘ಲವ್’ ಅಂದ ಅಂತ ಒಂದಿಡೀ ದಿನ ಮುಖ ಗಂಟು ಹಾಕಿಕೊಂಡಿದ್ದರು. ಇನ್ನೊಂದು ವಿಷಯವನ್ನು ಅವರಿಗೆ ಹೇಳಿಯೇ ಇಲ್ಲ. ವಾರ್ಡಿನ ಸೀನಿಯರ್ ಒಬ್ಬರು ನನ್ನನ್ನೂ ಕೇರಳದ ಇಬ್ಬರು ಹುಡುಗಿಯರನ್ನೂ ‘ಡಾರ್ಲಿಂಗ್’ ಅನ್ನುತ್ತಾರೆ. ಇಲ್ಲಿನವರೇ ಆದ ನರ್ಸ್‌ಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಏನಾದರೂ ಹೇಳಿದರೆ ‘ಇಲ್ಲಿ ಎಲ್ಲರೂ ಹೀಗೇ ಮಾತಾಡೋದು’ ಅಂದುಬಿಟ್ಟರೆ? ನಮ್ಮ ವೀಸಾ ಆಸ್ಪತ್ರೆ ಮೇಲೆ ನಿಂತಿದೆ. ಕೊನೆಯದಾಗಿ ಎರಡು. ನಾನೂ ಪೇಷಂಟ್‌ಗಳಿಗೆ ‘ಡಕ್’ ಅನ್ನಬಹುದಾ? ಆರು ವರ್ಷದ ಮಗ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೂ ‘ಮಿ ಡಕ್’ ಅನ್ನುತ್ತಾನೆ. ಬಿಡಿಸಬೇಕಾ?

(ಹೆಸರು ಬೇಡ, ಡರ್ಬಿ)

ಉತ್ತರ

ಮೊದಲು ನಿಮ್ಮನ್ನು ಅಳಿಸಿದ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ನಡಿಗೆಗೂ ಈ ಡಕ್‌ಗೂ ಏನೇನೂ ಸಂಬಂಧ ಇಲ್ಲ. ನಿಮ್ಮ ವಾರ್ಡಿನ ಅಜ್ಜಿಯರು ನಿಮ್ಮನ್ನು ಡಕ್ ಅನ್ನುವ ಹಾಗೇ ಡಾಕ್ಟರನ್ನೂ ಅನ್ನುತ್ತಾರೆ, ಊಟದ ತಟ್ಟೆ ತರುವ ಹುಡುಗನನ್ನೂ ಅನ್ನುತ್ತಾರೆ, ನೋಡಲು ಬಂದ ಮೊಮ್ಮಗನನ್ನೂ ಅನ್ನುತ್ತಾರೆ. ನಾಳೆ ಡ್ಯೂಟಿಯಲ್ಲಿ ಸುಮ್ನೆ ಕಿವಿಗೊಟ್ಟು ಕೇಳಿ.

ನಾನು ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಮಾಡುವವಳು. ಹೊರದೇಶಕ್ಕೆ ಹೊರಟ ನರ್ಸ್‌ಗಳಿಗೆ ಮಾತಿನ ತರಬೇತಿಯನ್ನೂ ಕೊಡುತ್ತೇನೆ. ಹೋದವರು ಅಲ್ಲಿಂದ ಫೋನ್ ಮಾಡಿ ಕೇಳುವುದು ವ್ಯಾಕರಣ ಅಲ್ಲ, ಇಂಥದ್ದನ್ನೇ. ಒಇಟಿ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗಳಿಗೆ ತಿಂಗಳುಗಟ್ಟಲೆ ಓದಿದರೂ ಪೇಷಂಟ್ ಬಾಯಲ್ಲಿ ಬರುವ ಈ ಸಣ್ಣ ಮಾತಿಗೆ ತಯಾರಿ ಇರುವುದಿಲ್ಲ. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವುದು ಮಾತ್ರ ಅದೇ.

ನೀವಿರುವ ಡರ್ಬಿ, ಪಕ್ಕದ ನಾಟಿಂಗ್‌ಹ್ಯಾಮ್, ಲೆಸ್ಟರ್, ಆ ಕಡೆ ಕುಂಬಾರಿಕೆಗೆ ಹೆಸರಾದ ಸ್ಟೋಕ್, ಇವೆಲ್ಲ ಡಕ್ ಸೀಮೆ. ‘ಎಯ್ ಅಪ್, ಮಿ ಡಕ್’ ಅಂದರೆ ಅಲ್ಲಿ ‘ಏನಪ್ಪಾ, ಹೇಗಿದ್ದೀಯ’ ಅಂದ ಹಾಗೆ. ‘ಮಿ’ ಅನ್ನುವುದು ‘ಮೈ’ ಅನ್ನುವುದರ ಆಡುಮಾತಿನ ರೂಪ. ಗಂಡಸರು ಗಂಡಸರನ್ನೂ ಹಾಗೇ ಕರೆಯುತ್ತಾರೆ. ನಿಮ್ಮ ಯಜಮಾನರು ಬಸ್ಸಿನಿಂದ ಇಳಿಯುವಾಗ ಥ್ಯಾಂಕ್ಸ್ ಹೇಳಿ, ಡ್ರೈವರ್ ಏನನ್ನುತ್ತಾನೆ ಅಂತ ಕೇಳಿಸಿಕೊಳ್ಳಲಿ. ಅವರಿಗೂ ಒಂದು ಡಕ್ ಸಿಕ್ಕೇ ಸಿಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಡುತ್ತೇನೆ. ಡಕ್ ಅಂದ ಕೂಡಲೇ ನಮ್ಮವರಿಗೆ ಕ್ರಿಕೆಟ್ ನೆನಪಾಗುತ್ತದೆ. ಸೊನ್ನೆಗೆ ಔಟಾದರೆ ಡಕ್ ಔಟ್. ಹಾಗಾಗಿ ‘ಕೈಲಾಗದವಳು’ ಅಂತ ಹೇಳುತ್ತಿದ್ದಾರಾ ಅಂತಲೂ ಕೆಲವರು ಕೇಳಿದ್ದಾರೆ. ಕ್ರಿಕೆಟ್ಟಿನ ಡಕ್ ‘ಬಾತುಕೋಳಿ ಮೊಟ್ಟೆ’ ಅನ್ನುವುದರಿಂದ ಬಂದದ್ದು. ಮೊಟ್ಟೆಯ ಆಕಾರ ಸೊನ್ನೆ ಥರ ಇದೆ ಅಂತ ಆ ಹೆಸರು. ನಿಮ್ಮ ವಾರ್ಡಿನ ಡಕ್‌ಗೂ ಅದಕ್ಕೂ ನಂಟಿಲ್ಲ.

ಈಗ ಡ್ಯೂಕ್ ಕಥೆಗೆ ಬರೋಣ. ಡ್ಯೂಕ್ ಅಂದರೆ ಅಲ್ಲಿನ ಶ್ರೀಮಂತ ಮನೆತನಗಳ ದೊಡ್ಡ ಪದವಿ. ನಿಮ್ಮ ಗುಂಪಿನವರೊಬ್ಬರೇ ಅಲ್ಲ, ಅಲ್ಲಿನ ಊರವರೇ ಎಷ್ಟೋ ಜನ ಇದನ್ನು ನಂಬಿದ್ದಾರೆ, ಹೆಮ್ಮೆಯಿಂದ ಹೇಳುತ್ತಾರೆ. ಸ್ಯಾಕ್ಸನ್ನರ ಕಾಲದಲ್ಲಿ ‘ಡ್ಯೂಕಸ್’ ಅಂತ ಒಂದು ಗೌರವದ ಮಾತಿತ್ತು, ಒಂದು ಕಡೆ ಅದು ಡ್ಯೂಕ್ ಆಯಿತು, ಇನ್ನೊಂದು ಕಡೆ ಡಕ್ ಆಯಿತು ಅನ್ನುವುದು ಕಥೆ. ಕೇಳಲು ಚೆನ್ನಾಗಿದೆ. ನಮಗಂತೂ ಬೇಗ ನಂಬಿಕೆ ಬರುತ್ತದೆ, ಯಾಕೆಂದರೆ ಮಂಗಳೂರು ಕಡೆಯ ‘ಮಾರಾಯ’ದಲ್ಲಿ ‘ಮಹಾರಾಯ’ ಅಡಗಿರುವುದನ್ನು ನಾವು ಬಲ್ಲೆವು. ದೊಡ್ಡ ಪದವಿಯೊಂದು ಸವೆದು ಗೆಳೆಯರ ಬಾಯಿಗೆ ಬರುವುದು ಲೋಕದಲ್ಲಿ ನಡೆಯದ ಸಂಗತಿ ಏನಲ್ಲ.

ಆದರೆ ಡಕ್ ವಿಷಯದಲ್ಲಿ ಲೆಕ್ಕ ಕೂಡುವುದಿಲ್ಲ. ಡ್ಯೂಕ್ ಅನ್ನುವ ಮಾತು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಅದರ ಮೂಲ ಲ್ಯಾಟಿನ್ನಿನ ‘ಡುಕ್ಸ್’, ಅಂದರೆ ಮುಂದಾಳು. ಫ್ರೆಂಚ್ ಆಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ. ಅದಕ್ಕೂ ಮುಂಚಿನ ಸ್ಯಾಕ್ಸನ್ ಇಂಗ್ಲಿಷಿನಲ್ಲಿ ನಾಡಿನ ದೊಡ್ಡ ಅಧಿಕಾರಿಗೆ ‘ಎಲ್ಡರ್‌ಮನ್’ ಅನ್ನುತ್ತಿದ್ದರು, ದಂಡು ನಡೆಸುವವನಿಗೆ ‘ಹೆರೆಟೋಗ’ ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಮೊದಲ ಡ್ಯೂಕ್ ಪದವಿ ಹುಟ್ಟಿದ್ದೇ 1337ರಲ್ಲಿ. ಮೂರನೇ ಎಡ್ವರ್ಡ್ ತನ್ನ ಮಗನನ್ನು ಕಾರ್ನ್‌ವಾಲ್‌ನ ಡ್ಯೂಕ್ ಮಾಡಿದ. ಅಲ್ಲಿಗೆ ಸ್ಯಾಕ್ಸನ್ ಕಾಲ ಮುಗಿದು ಇನ್ನೂರೈವತ್ತು ವರ್ಷದ ಮೇಲಾಗಿತ್ತು. ಇನ್ನು ಸ್ಯಾಕ್ಸನ್ನರು ಒಬ್ಬರನ್ನೊಬ್ಬರು ‘ಡ್ಯೂಕಸ್’ ಅನ್ನುತ್ತಿದ್ದರು ಅನ್ನುವುದಕ್ಕೆ ಆ ಕಾಲದ ಬರಹದಲ್ಲಿ ಆಧಾರ ಇಲ್ಲ.

ಹಾಗಾದರೆ ಈ ಕಥೆ ಯಾಕಿಷ್ಟು ಗಟ್ಟಿಯಾಗಿ ನಿಂತಿದೆ? ಒಂದು ಕಾರಣ ನಿಮ್ಮ ಕಿವಿಗೇ ಬಿದ್ದಿರುತ್ತದೆ. ಅಲ್ಲಿನವರು ‘ಡಕ್’ ಅನ್ನುವುದಿಲ್ಲ, ಹೆಚ್ಚು ಕಡಿಮೆ ‘ಡುಕ್’ ಅನ್ನುತ್ತಾರೆ. ಅದನ್ನು ಕೇಳಿದವರಿಗೆ ಡ್ಯೂಕ್ ಪಕ್ಕದಲ್ಲೇ ಇದೆ ಅನ್ನಿಸುತ್ತದೆ. ಆದರೆ ಅದೇ ಬಾಯಿ ಬಸ್ಸಿಗೆ ‘ಬುಸ್’ ಅನ್ನುತ್ತದೆ, ಕಪ್ಪಿಗೆ ‘ಕುಪ್’ ಅನ್ನುತ್ತದೆ, ಲವ್‌ಗೆ ‘ಲುವ್’ ಅನ್ನುತ್ತದೆ. ಅದು ಡಕ್ ಒಂದರ ಗುಟ್ಟಲ್ಲ. ಒಂದು ಕಾಲಕ್ಕೆ ಇಂಗ್ಲೆಂಡಿನವರೆಲ್ಲ ಹಾಗೇ ಅನ್ನುತ್ತಿದ್ದರು. 17ನೇ ಶತಮಾನದಲ್ಲಿ ದಕ್ಷಿಣದವರ ಉಚ್ಚಾರ ಬದಲಾಯಿತು. ನಾವು ಶಾಲೆಯಲ್ಲಿ ಕಲಿತದ್ದು ದಕ್ಷಿಣದವರದ್ದು. ಉತ್ತರದವರೂ ನಡುನಾಡಿನವರೂ ಹಳೆಯದನ್ನೇ ಉಳಿಸಿಕೊಂಡರು. ನಿಮ್ಮ ಪೇಷಂಟ್‌ಗಳದ್ದು ಕೆಟ್ಟ ಇಂಗ್ಲಿಷ್ ಅಂತ ಯಾರಾದರೂ ಅಂದರೆ ಇದನ್ನು ಹೇಳಿ.

ಎರಡನೆಯ ಕಾರಣ ಮನಸ್ಸಿನದ್ದು. ಮನುಷ್ಯರನ್ನು ಹಕ್ಕಿ ಹೆಸರಿನಿಂದ ಕರೆಯುವುದು ಕೀಳು ಅನ್ನಿಸಿದವರಿಗೆ ಡ್ಯೂಕ್ ಸಿಕ್ಕರೆ ಸಮಾಧಾನ. ನಿಮಗೂ ಆ ಮೆಸೇಜ್ ನೋಡಿ ಒಂದು ಕ್ಷಣ ಹಾಯೆನಿಸಿರಬೇಕು. ಆದರೆ ಈ ಸಮಾಧಾನದ ಅಗತ್ಯವೇ ಇಲ್ಲ. ನಾವು ಮಗುವನ್ನು ‘ಬಾ ಮರಿ’ ಅಂತ ಕರೆಯುವಾಗ ನಾಯಿಮರಿ, ಆಡಿನಮರಿ ಯಾವುದೂ ನಮ್ಮ ತಲೆಯಲ್ಲಿ ಇರುವುದಿಲ್ಲ. ಕರೆಸಿಕೊಂಡ ಮಗುವಿಗೂ ಬೇಜಾರಿಲ್ಲ.

ಇನ್ನು ಬರಹದಲ್ಲಿ ಸಿಗುವ ಸಾಕ್ಷಿ ನೋಡೋಣ. ಬಾತುಕೋಳಿಯ ಇಂಗ್ಲಿಷ್ ಹೆಸರು ಹುಟ್ಟಿದ್ದು ‘ನೀರಿನಲ್ಲಿ ಮುಳುಗು’ ಅನ್ನುವ ಹಳೆಯ ಕ್ರಿಯಾಪದದಿಂದ. ಮುಳುಗಿ ಏಳುವ ಹಕ್ಕಿ ಅಂತ. ಆ ಹೆಸರು ಪ್ರೀತಿಯ ಕರೆಯಾಗಿ 16ನೇ ಶತಮಾನದ ಕೊನೆಯ ಹೊತ್ತಿಗೆ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ನಮಗೆ ಅದನ್ನು ಚೆನ್ನಾಗಿ ತೋರಿಸುವವನು ಶೇಕ್ಸ್‌ಪಿಯರ್. 1595ರ ಆಸುಪಾಸಿನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದ ಕೊನೆಯಲ್ಲಿ ನೇಕಾರ ಬಾಟಮ್ ಮತ್ತು ಅವನ ಕಸುಬುದಾರ ಗೆಳೆಯರು ಅಥೆನ್ಸಿನ ಡ್ಯೂಕ್ ಥೀಸಿಯಸ್‌ನ ಮುಂದೆ ಒಂದು ಆಟ ಆಡುತ್ತಾರೆ. ಬಾಟಮ್ ಅದರಲ್ಲಿ ಪ್ರೇಮಿಯ ಪಾತ್ರ. ನಲ್ಲೆಯ ಮೇಲುವಸ್ತ್ರ ರಕ್ತವಾಗಿ ಬಿದ್ದಿರುವುದು ಕಂಡು, ಅವಳು ಸತ್ತಳೆಂದು ತಿಳಿದು, ‘ಓ ಡೇಂಟಿ ಡಕ್! ಓ ಡಿಯರ್!’ ಅಂತ ಗೋಳಾಡುತ್ತಾನೆ. ಸ್ವಲ್ಪ ಹೊತ್ತಿಗೆ ಅವನೂ ಸಾಯುತ್ತಾನೆ. ಆಗ ನಲ್ಲೆ ಬಂದು ಅವನನ್ನು ‘ಮೈ ಡವ್’, ನನ್ನ ಪಾರಿವಾಳ ಅನ್ನುತ್ತಾಳೆ. ಅವಳಿಗೆ ಬಾತುಕೋಳಿ, ಅವನಿಗೆ ಪಾರಿವಾಳ. ಡಕ್ ಆಗ ಹಕ್ಕಿಗಳ ಸಾಲಿನಲ್ಲೇ ಇತ್ತು, ಪದವಿಗಳ ಸಾಲಿನಲ್ಲಿ ಇರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮ್ಯಾಕ್‌ಬೆತ್ ಕೂಡ ಹೆಂಡತಿಯನ್ನು ‘ಚಕ್’ ಅನ್ನುತ್ತಾನೆ. ಅದು ಕೋಳಿಮರಿಯ ಹೆಸರಿನ ನೆಂಟ. ಇಂಗ್ಲೆಂಡಿನ ವಾಯವ್ಯದ ಊರುಗಳಲ್ಲಿ ಇವತ್ತಿಗೂ ಅದು ಕಿವಿಗೆ ಬೀಳುತ್ತದೆ.

‘ಐದನೇ ಹೆನ್ರಿ’ ನಾಟಕದಲ್ಲಿ ಪಿಸ್ಟಲ್ ಅನ್ನುವ ಸೈನಿಕ ಫ್ರಾನ್ಸಿನ ಯುದ್ಧಕ್ಕೆ ಹೊರಟು ನಿಂತಿದ್ದಾನೆ. ಹೆಂಡತಿ ಹೋಟೆಲು ನೋಡಿಕೊಳ್ಳುವವಳು. ಯಾರನ್ನೂ ನಂಬಬೇಡ, ಸಾಲ ಕೊಡಬೇಡ, ಇದ್ದದ್ದನ್ನು ಬಿಗಿಯಾಗಿ ಹಿಡಿದುಕೋ ಅಂತ ಬುದ್ಧಿ ಹೇಳುತ್ತಾ ‘ಮೈ ಡಕ್’ ಅನ್ನುತ್ತಾನೆ. ಗಂಡ ಹೆಂಡತಿಗೆ ಹೇಳುವ ಮನೆಮಾತು.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಇದಲ್ಲ, ಮೂರನೆಯದು. 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಆಡಿದ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಆಟೋಲಿಕಸ್ ಅನ್ನುವ ಒಬ್ಬ ಬರುತ್ತಾನೆ. ನಮ್ಮಲ್ಲಿ ಹಿಂದೆ ಬಳೆ, ಟೇಪು, ಪಿನ್ನು ಹೊತ್ತು ಊರೂರು ತಿರುಗುತ್ತಿದ್ದರಲ್ಲ, ಅಂಥ ವ್ಯಾಪಾರಿ. ‘ಟೇಪು ಬೇಕಾ, ಮೇಲಂಗಿಗೆ ಲೇಸು ಬೇಕಾ, ಮೈ ಡೇಂಟಿ ಡಕ್, ಮೈ ಡಿಯರ್’ ಅಂತ ಹಾಡು ಹೇಳುತ್ತಾ ಹೆಂಗಸರನ್ನು ಕರೆಯುತ್ತಾನೆ. ಅವನಿಗೆ ಆ ಹೆಂಗಸರು ಯಾರೂ ಗೊತ್ತಿಲ್ಲ. ಅವನಿಗೆ ಬೇಕಾದದ್ದು ವ್ಯಾಪಾರ.

ಗಮನಿಸಿದಿರಾ? ನಾನ್ನೂರು ವರ್ಷದ ಹಿಂದೆಯೇ ಈ ಮಾತಿಗೆ ಎರಡು ಬಾಳು ಇದ್ದವು. ಒಂದು ಗಂಡಹೆಂಡಿರ ನಡುವೆ, ಇನ್ನೊಂದು ಸಂತೆಯಲ್ಲಿ. ನಿಮ್ಮ ಯಜಮಾನರು ಕೋಪ ಮಾಡಿಕೊಂಡದ್ದು ಸಂತೆಯ ಮಾತನ್ನು ಮನೆಯ ಮಾತು ಅಂತ ತಿಳಿದು. ಅದು ಅವರ ತಪ್ಪಲ್ಲ. ಹಾಸನದ ತರಕಾರಿ ಅಂಗಡಿಯವನು ನಿಮ್ಮನ್ನು ‘ಅಕ್ಕಾ’ ಅನ್ನುತ್ತಿದ್ದ. ನಮ್ಮಲ್ಲಿ ಗುರುತಿಲ್ಲದವರನ್ನು ಹತ್ತಿರ ಮಾಡಿಕೊಳ್ಳಬೇಕಾದರೆ ನೆಂಟಸ್ತಿಕೆಯ ಮಾತು ಬಳಸುತ್ತೇವೆ. ಅಕ್ಕ, ಅಣ್ಣ, ಅಮ್ಮ, ಅಜ್ಜಿ. ಇಂಗ್ಲೆಂಡಿನವರು ಅದೇ ಕೆಲಸಕ್ಕೆ ಮುದ್ದಿನ ಮಾತು ಬಳಸುತ್ತಾರೆ. ಲೀಡ್ಸ್, ಶೆಫೀಲ್ಡ್ ಕಡೆ ‘ಲವ್’, ಗಂಡಸರು ಗಂಡಸರಿಗೂ. ನ್ಯೂಕಾಸಲ್‌ನಲ್ಲಿ ‘ಪೆಟ್’, ‘ಹಿನ್ನಿ’. ಆ ಹಿನ್ನಿ ಅನ್ನುವುದು ‘ಹನಿ’, ಅಂದರೆ ಜೇನು. ಗ್ಲಾಸ್ಗೋದಲ್ಲಿ ಹೆಂಗಸರಿಗೆ ‘ಹೆನ್’, ಹೇಂಟೆ! ಬ್ರಿಸ್ಟಲ್ ಕಡೆ ಹೋದರೆ ‘ಮೈ ಲವರ್’ ಅಂತಲೇ ಅನ್ನುತ್ತಾರೆ. ಇವರು ಯಾರಿಗೂ ನಿಮ್ಮ ಮೇಲೆ ಕಣ್ಣಿಲ್ಲ. ಚಿಲ್ಲರೆ ಕೊಟ್ಟು ಮುಂದಿನ ಗಿರಾಕಿಯನ್ನೂ ಹಾಗೇ ಕರೆಯುತ್ತಾರೆ.

ಮಾತು ಬಳಸಿ ಬಳಸಿ ಅದರ ಬಿಸಿ ಹೋಗುವುದನ್ನು ನಾವೂ ದಿನಾ ನೋಡುತ್ತೇವೆ. ತಹಶೀಲ್ದಾರರಿಗೆ ಅರ್ಜಿ ಬರೆಯುವಾಗ ‘ಡಿಯರ್ ಸರ್’ ಅಂತ ಶುರು ಮಾಡುತ್ತೇವೆ. ಡಿಯರ್ ಅಂದರೆ ಪ್ರಿಯ. ತಹಶೀಲ್ದಾರರ ಮೇಲೆ ಪ್ರೀತಿ ಉಕ್ಕಿ ಯಾರೂ ಹಾಗೆ ಬರೆದಿಲ್ಲ, ಓದಿದ ತಹಶೀಲ್ದಾರರೂ ನಾಚಿಕೊಂಡಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಪದದ ಚರಿತ್ರೆ. ಆದರೆ ನಿಮ್ಮ ಪತ್ರದಲ್ಲಿ ನಿಜವಾಗಿ ತೂಕದ ಸಾಲು ಬೇರೆ ಇದೆ. ಅದನ್ನು ನೀವು ‘ಇನ್ನೊಂದು ವಿಷಯ’ ಅಂತ ನಡುವೆ ತೂರಿಸಿ ಬರೆದಿದ್ದೀರಿ. ಆ ಸೀನಿಯರ್ ನಿಮ್ಮ ಮೂವರನ್ನು ಡಾರ್ಲಿಂಗ್ ಅನ್ನುತ್ತಾರೆ, ಉಳಿದವರನ್ನು ಹೆಸರಿನಿಂದ ಕರೆಯುತ್ತಾರೆ.

ಡಾರ್ಲಿಂಗ್ ಮೂಲ ಕೇಳಿದರೆ ಅದು ಡಕ್‌ಗಿಂತ ಎಷ್ಟೋ ಹಳೆಯದು, ಎಷ್ಟೋ ಮರ್ಯಾದಸ್ಥ ಕೂಡ. ಅದರ ಹಳೆಯ ರೂಪ ‘ಡೇರ್‌ಲಿಂಗ್’. ಡಿಯರ್ ಅನ್ನುವುದಕ್ಕೆ ‘ಲಿಂಗ್’ ಅನ್ನುವ ಬಾಲ ಸೇರಿ ಆದದ್ದು. ಬಾತುಕೋಳಿ ಮರಿಗೆ ‘ಡಕ್‌ಲಿಂಗ್’ ಅನ್ನುತ್ತಾರಲ್ಲ, ಅದರಲ್ಲಿರುವ ಬಾಲವೂ ಅದೇ. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷ್ ಬರಹಗಳಲ್ಲಿ ಅದು ಸಿಗುತ್ತದೆ. ಆಗ ಅದು ಗಂಡಹೆಂಡಿರ ಮಾತೇ ಆಗಬೇಕೆಂದಿರಲಿಲ್ಲ, ಅಚ್ಚುಮೆಚ್ಚಿನವರು ಯಾರೇ ಆದರೂ ಡಾರ್ಲಿಂಗ್. ಇಷ್ಟು ಒಳ್ಳೆಯ ಮನೆತನದ ಮಾತು ನಿಮ್ಮ ವಾರ್ಡಿನಲ್ಲಿ ನಿಮ್ಮನ್ನು ಚುಚ್ಚುತ್ತಿದೆ. ಬಾತುಕೋಳಿ ಹೆಸರು ಹೊತ್ತ ಮಾತು ಚುಚ್ಚಬೇಕಾಗಿಲ್ಲ. ಪದ ಎಲ್ಲಿಂದ ಬಂತು ಅನ್ನುವುದು ನನ್ನ ಜೀವಮಾನದ ಪ್ರೀತಿಯ ವಿಷಯ. ಆದರೂ ಹೇಳುತ್ತೇನೆ, ನಿಮ್ಮ ಮನಸ್ಸಿಗೆ ನೋವಾಗಬೇಕಾ ಬೇಡವಾ ಅನ್ನುವುದನ್ನು ಮೂಲ ತೀರ್ಮಾನ ಮಾಡುವುದಿಲ್ಲ. ಯಾರು, ಯಾರನ್ನು ಬಿಟ್ಟು, ಯಾರಿಗೆ ಅನ್ನುತ್ತಾರೆ ಅನ್ನುವುದು ಮಾಡುತ್ತದೆ.

ಇದನ್ನು ಭಾಷಾವಿಜ್ಞಾನದಲ್ಲಿ ಚೆನ್ನಾಗಿ ವಿವರಿಸಿದ್ದಾರೆ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅನ್ನುವ ಇಬ್ಬರು, ಯುರೋಪಿನ ಭಾಷೆಗಳ ‘ನೀನು’, ‘ನೀವು’ ಬಗ್ಗೆ ಒಂದು ಹೆಸರಾಂತ ಪ್ರಬಂಧ ಬರೆದರು. ಅದರ ಸಾರ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ‘ನೀನು’ ಅಂದರೆ ಅದು ಸಲಿಗೆ. ಮಾಲೀಕ ಆಳನ್ನು ‘ನೀನು’ ಅಂದು, ಆಳು ‘ನೀವು’ ಅನ್ನಬೇಕಾದರೆ ಅದು ಅಧಿಕಾರ. ಪದ ಒಂದೇ. ಹೋದ ಹಾಗೆ ತಿರುಗಿ ಬರುತ್ತದಾ ಅನ್ನುವುದೇ ಪರೀಕ್ಷೆ.

ಈ ಪರೀಕ್ಷೆಗೆ ಡಕ್ ಹಾಕಿ ನೋಡಿ. ಅಜ್ಜಿ ನಿಮಗೆ ಅನ್ನುತ್ತಾರೆ, ಡಾಕ್ಟರಿಗೂ ಅನ್ನುತ್ತಾರೆ, ಇನ್ನೊಬ್ಬರು ಅವರಿಗೂ ಅನ್ನುತ್ತಾರೆ. ಪಾಸ್. ಈಗ ಆ ಡಾರ್ಲಿಂಗ್ ಹಾಕಿ ನೋಡಿ. ಮೇಲಿನವರು ಕೆಳಗಿನವರಿಗೆ ಅನ್ನುತ್ತಾರೆ. ನೀವು ತಿರುಗಿ ಅನ್ನುವಂತಿಲ್ಲ. ಇಂಗ್ಲಿಷ್ ನರ್ಸ್‌ಗಳಿಗೆ ಅನ್ನುವುದಿಲ್ಲ. ಹಾಗಾಗಿ ‘ಇಲ್ಲಿ ಎಲ್ಲರೂ ಹೀಗೇ’ ಅನ್ನುವ ಉತ್ತರ ನಿಲ್ಲುವುದಿಲ್ಲ. ಎಲ್ಲರಿಗೂ ಹೀಗೇ ಆಗಿದ್ದರೆ ನೀವು ನನಗೆ ಬರೆಯುತ್ತಲೇ ಇರಲಿಲ್ಲ. ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ.

ಆ ಮನುಷ್ಯನ ಮನಸ್ಸಿನಲ್ಲಿ ಏನಿದೆ ಅಂತ ನಾನು ಇಲ್ಲಿ ಕೂತು ಹೇಳುವುದು ತಪ್ಪು. ಕೆಟ್ಟ ಉದ್ದೇಶ ಇರಬಹುದು, ಇರದೆಯೂ ಇರಬಹುದು. ನಾನು ಕೇಳಿದ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ಕಾರಣ ಸೋಮಾರಿತನ. ನಮ್ಮ ಹೆಸರುಗಳು ಅವರ ನಾಲಿಗೆಗೆ ಉದ್ದ. ತಪ್ಪು ಹೇಳಿ ಮುಜುಗರ ಪಡುವ ಬದಲು ಡಾರ್ಲಿಂಗ್ ಅಂದುಬಿಡುತ್ತಾರೆ. ಅದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಹೆಸರು ಕಲಿಯುವ ಶ್ರಮ ಬೇಡ ಅನ್ನಿಸುವುದೂ ಒಂದು ಬಗೆಯ ಅಗೌರವವೇ. ಆದರೆ ಮೈಮೇಲೆ ಕೈ ಹಾಕುವುದು, ಒಬ್ಬರೇ ಇದ್ದಾಗ ದನಿ ಬದಲಾಗುವುದು, ಡ್ಯೂಟಿ ಹಾಕುವಾಗ ಸಲಿಗೆ ತೋರಿಸುವುದು ಇದ್ದರೆ ಅದು ಬೇರೆಯೇ ಮಟ್ಟ. ಇದನ್ನು ನೀವು ಬರೆದಿಲ್ಲ. ಇದ್ದರೆ ಮುಂದೆ ಹೇಳುವ ಮೊದಲ ಮೆಟ್ಟಿಲು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋಗಿ.

ಮೊದಲ ಮೆಟ್ಟಿಲು, ಹೆಸರು ಹೇಳುವುದು. ಕೋಪ ಬೇಡ, ವಿವರಣೆ ಬೇಡ, ಸಾರಿ ಅಂತೂ ಬೇಡವೇ ಬೇಡ. ನಮ್ಮ ಹುಡುಗಿಯರು ಎಲ್ಲದಕ್ಕೂ ಸಾರಿಯಿಂದ ಶುರು ಮಾಡುತ್ತಾರೆ. ‘ಪ್ಲೀಸ್ ಕಾಲ್ ಮಿ’ ಅಂದು ನಿಮ್ಮ ಹೆಸರು ಸೇರಿಸಿ. ಅಷ್ಟೇ ವಾಕ್ಯ. ಮುಖದಲ್ಲಿ ನಗು ಇರಬಹುದು, ದನಿ ಮಾತ್ರ ಕೊನೆಗೆ ಪ್ರಶ್ನೆಯ ಹಾಗೆ ಏರಬಾರದು. ನಾವು ಇಂಗ್ಲಿಷ್ ಆಡುವಾಗ ವಿನಯಕ್ಕೆ ದನಿ ಏರಿಸುತ್ತೇವೆ, ಅವರ ಕಿವಿಗೆ ಅದು ಅನುಮಾನದ ಹಾಗೆ ಕೇಳುತ್ತದೆ. ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಹೆಸರು ಉದ್ದವಾಗಿದ್ದರೆ ಬಿಡಿಸಿ ಹೇಳಿಕೊಡಿ. ನಿಮಗೇ ಇಷ್ಟವಾದರೆ ಮಾತ್ರ ಮೊಟಕು ಮಾಡಿಕೊಳ್ಳಿ. ಇದಕ್ಕೆ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಒಳ್ಳೆಯ ಆಸರೆಯೂ ಇದೆ. 2013ರಲ್ಲಿ ಡಾ. ಕೇಟ್ ಗ್ರ್ಯಾಂಜರ್ ಅನ್ನುವ ವೈದ್ಯೆ, ಸ್ವತಃ ಕ್ಯಾನ್ಸರ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಆರೈಕೆಗೆ ಬಂದವರು ಎಷ್ಟೋ ಜನ ತಮ್ಮ ಹೆಸರೇ ಹೇಳುತ್ತಿಲ್ಲ ಅಂತ ಗಮನಿಸಿದರು. ‘ಹಲೋ, ಮೈ ನೇಮ್ ಈಸ್’ ಅನ್ನುವ ಅಭಿಯಾನ ಅಲ್ಲಿಂದ ಶುರುವಾಯಿತು. 2016ರಲ್ಲಿ ಅವರು ತೀರಿಕೊಂಡರು, ಆ ಸಾಲು ಹೊತ್ತ ಹಳದಿ ಬ್ಯಾಡ್ಜ್ ಉಳಿಯಿತು. ಅದು ಪೇಷಂಟ್‌ಗಳಿಗಾಗಿ ಹುಟ್ಟಿದ್ದು ನಿಜ. ಆದರೆ ಹೆಸರಿಗೆ ಇಷ್ಟು ಬೆಲೆ ಕೊಡುವ ಜಾಗದಲ್ಲಿ ಸಹೋದ್ಯೋಗಿಯ ಹೆಸರು ಕಲಿಯಿರಿ ಅಂತ ಕೇಳುವುದು ಅತಿ ಅಂತ ಯಾರೂ ಹೇಳಲಾರರು.

ಇದರ ಅಪಾಯ? ಆತ ಸಪ್ಪೆ ಮುಖ ಮಾಡಬಹುದು. ‘ನಾನು ಸ್ನೇಹದಿಂದ ಅಂದೆ’ ಅನ್ನಬಹುದು. ಆಗ ‘ಐ ನೋ, ಐ ಪ್ರಿಫರ್ ಮೈ ನೇಮ್’ ಅಂದು ಕೆಲಸಕ್ಕೆ ತಿರುಗಿ. ಬಹಳಷ್ಟು ಜನರ ವಿಷಯದಲ್ಲಿ ಅಲ್ಲಿಗೆ ಮುಗಿಯುತ್ತದೆ. ಇಂಥದ್ದರಲ್ಲಿ ನಿಮ್ಮ ಮೂವರಿಗೂ ಒಂದೇ ಅನುಭವ ಇರುವುದು ದೊಡ್ಡ ಬಲ. ಆ ಇಬ್ಬರ ಜೊತೆ ಮಾತಾಡಿ. ಒಂದೇ ವಾರದಲ್ಲಿ ಮೂವರೂ ಅದೇ ಮಾತು ಹೇಳಿದರೆ ಅದು ಒಬ್ಬಳ ಸೂಕ್ಷ್ಮ ಸ್ವಭಾವ ಅಂತ ತಳ್ಳಿಹಾಕಲು ಆಗುವುದಿಲ್ಲ.

ಎರಡನೆಯ ಮೆಟ್ಟಿಲು, ವಾರ್ಡ್ ಮ್ಯಾನೇಜರ್. ಆತನೇ ಮ್ಯಾನೇಜರ್ ಆಗಿದ್ದರೆ ಅವರ ಮೇಲಿನವರು, ಇಲ್ಲವೇ ಯೂನಿಯನ್ ಪ್ರತಿನಿಧಿ. ನೀವು ಆರ್‌ಸಿಎನ್ (ನರ್ಸ್‌ಗಳ ಯೂನಿಯನ್) ಅಥವಾ ಯೂನಿಸನ್ (ಸಾರ್ವಜನಿಕ ಸೇವೆಯವರ ಯೂನಿಯನ್) ಸದಸ್ಯರಾಗಿದ್ದರೆ ಮೊದಲು ಅಲ್ಲೇ ಕೇಳಿ. ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ‘ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್’ ಅಂತ ಒಬ್ಬರು ಇರುತ್ತಾರೆ. ಮೇಲಿನವರಿಗೆ ಹೇಳಲು ಹಿಂಜರಿಯುವ ಸಿಬ್ಬಂದಿಗಾಗಿಯೇ ಇರುವ ಹುದ್ದೆ ಅದು. ಹೋಗುವ ಮುಂಚೆ ತಾರೀಖು, ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು ಅಂತ ಬರೆದಿಟ್ಟುಕೊಳ್ಳಿ. ‘ಯಾವಾಗಲೂ ಅನ್ನುತ್ತಾರೆ’ ಅನ್ನುವುದಕ್ಕಿಂತ ‘ಸೋಮವಾರ ಹ್ಯಾಂಡೋವರ್ ಹೊತ್ತಿನಲ್ಲಿ ಆಕೆಯನ್ನು ಹೆಸರಿನಿಂದ ಕರೆದರು, ನನ್ನನ್ನು ಡಾರ್ಲಿಂಗ್ ಅಂದರು’ ಅನ್ನುವುದಕ್ಕೆ ತೂಕ ಜಾಸ್ತಿ.

ಕಾನೂನಿನ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ, ಸಲಹೆ ಮಾತ್ರ ಯೂನಿಯನ್ನಿನಲ್ಲೇ ಪಡೆಯಿರಿ. ಬ್ರಿಟನ್ನಿನ 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ, ಲಿಂಗ ಅಥವಾ ಜನಾಂಗಕ್ಕೆ ಸಂಬಂಧಪಟ್ಟ ಬೇಡದ ನಡವಳಿಕೆ ಒಬ್ಬರ ಘನತೆಗೆ ಧಕ್ಕೆ ತಂದರೆ ಅದು ಕಿರುಕುಳ ಆಗಬಹುದು. ನೋಡುವಾಗ ಅನುಭವಿಸಿದವರ ಅನಿಸಿಕೆ, ಸಂದರ್ಭ, ಹಾಗನ್ನಿಸುವುದು ನ್ಯಾಯವಾ ಅನ್ನುವುದು, ಮೂರನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಒಂದು ಡಾರ್ಲಿಂಗ್ ಅಲ್ಲಿಯವರೆಗೆ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಬೇಡ ಅಂದ ಮೇಲೂ ನಿಲ್ಲದಿದ್ದರೆ ಮಾತು ಬೇರೆ. 2024ರ ಅಕ್ಟೋಬರಿನಿಂದ ಲೈಂಗಿಕ ಕಿರುಕುಳ ಆಗದ ಹಾಗೆ ಮುಂಚಿತವಾಗಿಯೇ ಕ್ರಮ ತೆಗೆದುಕೊಳ್ಳುವುದು ಅಲ್ಲಿನ ಉದ್ಯೋಗದಾತರ ಕಾನೂನಿನ ಹೊಣೆಯೂ ಆಗಿದೆ. ನಿಮ್ಮ ವೀಸಾ ಭಯ ನನಗೆ ಅರ್ಥವಾಗುತ್ತದೆ. ಸ್ಪಾನ್ಸರ್ ಮಾಡಿದವರೇ ಸಂಬಳ ಕೊಡುವವರು ಆಗಿರುವಾಗ ಬಾಯಿ ಬಿಡಲು ಧೈರ್ಯ ಬೇಕು. ಆದರೆ ಒಳ್ಳೆಯ ಮನಸ್ಸಿನಿಂದ ಇಂಥ ದೂರು ಕೊಟ್ಟವರಿಗೆ ಅದಕ್ಕಾಗಿ ತೊಂದರೆ ಕೊಡುವುದನ್ನೂ ಅದೇ ಕಾನೂನು ತಡೆಯುತ್ತದೆ. ಇದನ್ನು ತಿಳಿದುಕೊಂಡು ಹೋದರೆ ಕಾಲು ನಡುಗುವುದು ಕಡಿಮೆಯಾಗುತ್ತದೆ.

ಏನೂ ಹೇಳದೆ ಸುಮ್ಮನಿರುವುದೂ ಒಂದು ದಾರಿಯೇ, ಎಷ್ಟೋ ಜನ ಅದನ್ನೇ ಹಿಡಿಯುತ್ತಾರೆ. ಅದನ್ನು ಹಿಡಿದವರನ್ನು ನಾನು ಬೈಯುವುದಿಲ್ಲ. ಅದರ ಬೆಲೆ ಮಾತ್ರ ಕಂಡಿದ್ದೇನೆ. ಒಬ್ಬರ ಮೇಲಿನ ಸಿಟ್ಟು ನಿಧಾನಕ್ಕೆ ಇಡೀ ಊರಿನ ಮೇಲೆ ತಿರುಗುತ್ತದೆ. ಕೊನೆಗೆ ಪಾಪ, ಪ್ರೀತಿಯಿಂದ ಡಕ್ ಅಂದ ಅಜ್ಜಿಯ ಮೇಲೂ ಮುನಿಸು ಬರುತ್ತದೆ.

ಅಂದ ಹಾಗೆ, ಯಜಮಾನರಿಗೆ ಈ ಡಾರ್ಲಿಂಗ್ ವಿಷಯ ಹೇಳಬೇಕಾ ಅಂತ ನೀವು ಕೇಳಿಲ್ಲ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಮೊದಲು ಡಕ್, ಲವ್ ಎಲ್ಲ ಏನು ಅಂತ ಅವರಿಗೆ ಬಿಡಿಸಿ ಹೇಳಿ, ಆ ವ್ಯಾಪಾರಿಯ ಹಾಡಿನ ಕಥೆಯನ್ನೂ ಹೇಳಿ. ಅದು ಅವರಿಗೆ ಒಪ್ಪಿಗೆಯಾದ ಮೇಲೆ ಇದನ್ನು ಹೇಳಿ. ತರಕಾರಿ ಅಂಗಡಿಯವನಿಗೂ ವಾರ್ಡಿನ ಸೀನಿಯರಿಗೂ ಇರುವ ವ್ಯತ್ಯಾಸ ಅವರಿಗೆ ತಾನಾಗಿಯೇ ಕಾಣುತ್ತದೆ.

ಮಗನ ವಿಷಯ ಚಿಕ್ಕದು. ಬಿಡಿಸಬೇಡಿ. ಅವನು ಊರಿನ ಭಾಷೆ ಕಲಿಯುತ್ತಿದ್ದಾನೆ, ಶಾಲೆಯ ಆಟದ ಬಯಲಿನಲ್ಲಿ ಅದು ಅವನಿಗೆ ಬೇಕು. ಹಾಸನದ ಅಜ್ಜಿಗೆ ಅದರ ಅರ್ಥ ಒಮ್ಮೆ ಹೇಳಿಬಿಡಿ, ಸಾಕು. ಯಾರಿಗೆ ಯಾವ ಮಾತು ಅನ್ನುವುದನ್ನು ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ.

ಇನ್ನು ನೀವು ಪೇಷಂಟ್‌ಗಳಿಗೆ ಡಕ್ ಅನ್ನಬಹುದಾ? ಅವರಾಗಿಯೇ ಅಂದದ್ದಕ್ಕೆ ತಿರುಗಿ ಅಂದರೆ ಅಡ್ಡಿಯಿಲ್ಲ. ‘ಮಾರ್ನಿಂಗ್, ಡಕ್’ ಅಂದವರಿಗೆ ‘ಮಾರ್ನಿಂಗ್, ಡಕ್’ ಅಂದು ನೋಡಿ, ಮುಖ ಅರಳುವುದು ಕಾಣುತ್ತದೆ. ಬಾಯಿಗೆ ತಾನಾಗಿ ಬಂದಾಗ ಮಾತ್ರ ಅನ್ನಿ. ಒತ್ತಾಯಕ್ಕೆ ಅಂದರೆ ಅಣಕಿಸಿದ ಹಾಗೆ ಕೇಳಿಸುವ ಅಪಾಯ ಇದೆ. ನೀವಾಗಿ ಶುರು ಮಾಡುವುದು ಮಾತ್ರ ಬೇಡ, ಅದರಲ್ಲೂ ನಿಮ್ಮದು ವಯಸ್ಸಾದವರ ವಾರ್ಡು. ವಯಸ್ಸಾದವರನ್ನು ಸ್ವೀಟಿ, ಡಿಯರ್ ಅಂತ ಮಗುವಿನ ಹಾಗೆ ಮಾತಾಡಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಎಲ್ಡರ್‌ಸ್ಪೀಕ್’ ಅಂತ ಹೆಸರೇ ಇದೆ. ಕ್ರಿಸ್ಟೀನ್ ವಿಲಿಯಮ್ಸ್ ಅನ್ನುವ ಅಮೆರಿಕದ ನರ್ಸಿಂಗ್ ಸಂಶೋಧಕಿ ಮತ್ತು ಅವರ ಜೊತೆಯವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ನರ್ಸಿಂಗ್ ಹೋಮ್‌ನಲ್ಲಿ ಮರೆವಿನ ಕಾಯಿಲೆ ಇರುವವರನ್ನು ಹೀಗೆ ಮಾತಾಡಿಸಿದಾಗ, ಸರಿಯಾಗಿ ಮಾತಾಡಿಸಿದಾಗ ತೋರಿಸಿದ್ದಕ್ಕಿಂತ ಅವರು ಆರೈಕೆಗೆ ಹೆಚ್ಚು ಪ್ರತಿರೋಧ ತೋರಿಸಿದರು ಅಂತ ಅದು ಕಂಡುಕೊಂಡಿತು. ಕೈ ಕೊಡವುವುದು, ಮುಖ ತಿರುಗಿಸುವುದು, ಕೂಗುವುದು. ನೆನಪು ಮಾಸಿದವರಿಗೂ ತಮ್ಮನ್ನು ಸಣ್ಣವರ ಹಾಗೆ ಮಾಡುತ್ತಿದ್ದಾರೆ ಅನ್ನುವುದು ತಿಳಿಯುತ್ತದೆ.

ಅದಕ್ಕೇ ಅಡ್ಮಿಟ್ ಆದ ದಿನವೇ ಕೇಳಿಬಿಡಿ, ‘ವಾಟ್ ವುಡ್ ಯು ಲೈಕ್ ಮಿ ಟು ಕಾಲ್ ಯು?’ ಅಂತ. ಒಬ್ಬರು ಡಕ್ ಅನ್ನಿ ಅನ್ನಬಹುದು. ಪಕ್ಕದ ಹಾಸಿಗೆಯ ನಿವೃತ್ತ ಹೆಡ್‌ಮಾಸ್ಟರಿಗೆ ಮಿಸ್ಟರ್ ಅಂತ ಸೇರಿಸಿ ಮನೆತನದ ಹೆಸರೇ ಬೇಕಾಗಬಹುದು. ಹೇಳಿದ್ದನ್ನು ಹಾಸಿಗೆಯ ಮೇಲಿನ ಬೋರ್ಡಿನಲ್ಲಿ ಬರೆದುಬಿಡಿ, ರಾತ್ರಿ ಪಾಳಿಯವರಿಗೂ ಗೊತ್ತಾಗುತ್ತದೆ.